ಆ ಪತ್ರದಲ್ಲಿ ಬಿಟ್ಟುಹೋದ ಎರಡು 'ಫಾರ್'



ಪ್ರತಿ ವರ್ಷ ಪ್ರಥಮ ಪಿಯುಸಿ ತರಗತಿಯಲ್ಲಿ ಪ್ರಿಪೊಸಿಷನ್ ಪಾಠ ಶುರುವಾದಾಗ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಇಷ್ಟು ಸಣ್ಣ ಪದ. ಬಿಟ್ಟುಹೋದರೆ ಅಥವಾ ಒಂದು ಹೆಚ್ಚಾದರೆ ಏನಾಗುತ್ತದೆ? ಹೇಳಿದ್ದು ಹೇಗೂ ಅರ್ಥವಾಗುತ್ತದಲ್ಲ?" ಹೆಚ್ಚಿನ ಸಲ ಅರ್ಥವಾಗುತ್ತದೆ, ನಿಜ. ಆದರೆ ಅರ್ಥವಾಗದೇ ಹೋದ ಒಂದು ಸಂಗತಿಗೆ ನಾನೇ ಕಾರಣನಾಗಿದ್ದೆ. ಈ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ಒಂದು ಸೂಚನೆ. ಇದು ಕನ್ನಡ ಪುಟವಾದ್ದರಿಂದ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಅವನ್ನು ಬಾಯಿಬಿಟ್ಟು ಓದಿ, ನಂತರ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲಿಂಗ್ ಅಭ್ಯಾಸವೂ ಆಗುತ್ತದೆ.

ನಾನು ಬರೆದ ಪತ್ರ

ನಾನಾಗ ದ್ವಿತೀಯ ಪಿಯುಸಿಯಲ್ಲಿದ್ದೆ. ನಮ್ಮ ಓಣಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೇ. ಮನಿ ಆರ್ಡರ್ ಫಾರ್ಮು, ಬ್ಯಾಂಕಿನ ಚಲನ್, ಗಲ್ಫಿನಿಂದ ಬಂದ ಕಾಗದ, ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ಆ ವರ್ಷ ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ತಂದೆಯ ಬೈಗುಳ ತಾಳಲಾರದೆ ಮನೆ ಬಿಟ್ಟು ಹೋದ. ಅವನು ಮುಂಬೈ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರು. ಮುಂಬೈಯಲ್ಲಿದ್ದ ನಮ್ಮೂರಿನವರೊಬ್ಬರು, ಮನೆಬಿಟ್ಟು ಬಂದ ಮಕ್ಕಳ ವಿಷಯ ನೋಡಿಕೊಳ್ಳುವ ಅಲ್ಲಿನ ಒಂದು ಕಚೇರಿಗೆ ಹೋಗಿ ಸಂಗತಿ ತಿಳಿಸಿದರು. "ಮನೆಯವರಿಂದ ಒಂದು ಪತ್ರ ಬರಲಿ, ಮಿಕ್ಕ ಕಡೆಗೆಲ್ಲ ವಿವರ ಕಳಿಸುತ್ತೇವೆ" ಎಂದು ಅಲ್ಲಿಯವರು ಹೇಳಿದ್ದರು. ಹುಡುಗನ ಮಾವ ಫೋಟೋ ಹಿಡಿದುಕೊಂಡು ಮಂಗಳವಾರ ಸಂಜೆ ಬಸ್ಸು ಹತ್ತಿದರು. ಆ ರಾತ್ರಿ ನಾನು ಪತ್ರ ಬರೆದೆ. ಎಸ್‌ಟಿಡಿ ಬೂತಿನಿಂದ ಅದು ಫ್ಯಾಕ್ಸ್ ಆಯಿತು.

ಹುಡುಗನ ಹೆಸರು, ವಯಸ್ಸು ಬರೆದ ಮೇಲೆ ನಾನು ಸೇರಿಸಿದ ಮೂರು ವಾಕ್ಯಗಳು ಇವು:

ವಿ ಸರ್ಚ್ಡ್ ದ ಬಾಯ್ ಆನ್ ಸಂಡೇ ಅಂಡ್ ಮಂಡೇ.
ಆನ್ ಟ್ಯೂಸ್‌ಡೇ ಹಿಸ್ ಅಂಕಲ್ ಲೆಫ್ಟ್ ಮುಂಬೈ ವಿತ್ ಹಿಸ್ ಫೋಟೋ.
ಕೈಂಡ್ಲಿ ಡು ದ ನೀಡ್‌ಫುಲ್.

ನನ್ನ ಮನಸ್ಸಿನಲ್ಲಿದ್ದದ್ದು: "ಭಾನುವಾರ, ಸೋಮವಾರ ಹುಡುಗನಿಗಾಗಿ ಹುಡುಕಿದೆವು. ಮಂಗಳವಾರ ಅವನ ಮಾವ ಫೋಟೋದೊಂದಿಗೆ ಮುಂಬೈಗೆ ಹೊರಟಿದ್ದಾರೆ." ಕಾಗದದ ಮೇಲೆ ಇದ್ದದ್ದು: "ಭಾನುವಾರ, ಸೋಮವಾರ ಹುಡುಗನ ಮೈ, ಜೇಬು ತಪಾಸಣೆ ಮಾಡಿದೆವು. ಮಂಗಳವಾರ ಅವನ ಮಾವ ಫೋಟೋದೊಂದಿಗೆ ಮುಂಬೈ ಬಿಟ್ಟರು."

ಗುರುವಾರ ಬೆಳಿಗ್ಗೆ ಮಾವ ಆ ಕಚೇರಿಯ ಮುಂದೆ ನಿಂತಾಗ ಅಲ್ಲಿನ ಗುಮಾಸ್ತರಿಗೆ ಆಶ್ಚರ್ಯ. ಹುಡುಗ ಮನೆಯವರ ಕೈಗೆ ಸಿಕ್ಕಿದ್ದಾನೆ, ಮಾವ ಊರಿಗೆ ಮರಳಿದ್ದಾರೆ ಎಂದೇ ಅವರು ಪತ್ರವನ್ನು ಓದಿಕೊಂಡಿದ್ದರು. ವಿವರವನ್ನು ಎಲ್ಲಿಗೂ ಕಳಿಸಿರಲಿಲ್ಲ. ಅವರ ತಪ್ಪೇನೂ ಇಲ್ಲ, ಬರೆದಿದ್ದನ್ನು ಓದಿದರು. ಎರಡು 'ಫಾರ್' ಬಿಟ್ಟುಹೋದದ್ದಕ್ಕೆ ಒಂದೂವರೆ ದಿನ ಹಾಳಾಯಿತು. ಆ ಒಂದೂವರೆ ದಿನ ಹುಡುಗನ ತಾಯಿ ಬಾಗಿಲ ಬಳಿಯೇ ಕುಳಿತಿದ್ದರು. ನಾನು ದಿನಕ್ಕೆ ನಾಲ್ಕು ಸಲ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ.

ತಪ್ಪು ಎಲ್ಲಿಂದ ಬರುತ್ತದೆ?

ನನಗೆ 'ಸರ್ಚ್' ಎಂದರೆ ಹುಡುಕು ಎಂದು ಗೊತ್ತಿತ್ತು. 'ಲೀವ್' ಎಂದರೆ ಬಿಡು, ಹೊರಡು ಎಂದೂ ಗೊತ್ತಿತ್ತು. ಪದದ ಅರ್ಥ ಗೊತ್ತಿತ್ತು, ಆದರೆ ಪದದ ಜೊತೆಗಾರ ಯಾರೆಂದು ಗೊತ್ತಿರಲಿಲ್ಲ.

ಕನ್ನಡದಲ್ಲಿ ಈ ಕೆಲಸವನ್ನು ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಅನ್ನು, ಇಂದ, ಗೆ, ಅಲ್ಲಿ ಇವು ನಾಮಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಬೇಕೇ ಬೇಡವೇ, ಬೇಕಾದರೆ ಯಾವುದು ಎಂಬುದನ್ನು ಬಹಳ ಸಲ ಕ್ರಿಯಾಪದವೇ ತೀರ್ಮಾನಿಸುತ್ತದೆ. ನಾವು ನಮ್ಮ ಪ್ರತ್ಯಯವನ್ನು ಹಾಗೆಯೇ ಭಾಷಾಂತರಿಸಿದರೆ ಎರಡೂ ಭಾಷೆ ಕೈಕೊಡುತ್ತವೆ.

'ಸರ್ಚ್' ಪದವನ್ನೇ ನೋಡಿ. ಕನ್ನಡದಲ್ಲಿ "ಕೀಲಿಕೈಯನ್ನು ಪೆಟ್ಟಿಗೆಯಲ್ಲಿ ಹುಡುಕಿದೆ" ಎನ್ನುತ್ತೇವೆ. ಕಳೆದುಹೋದ ವಸ್ತುವಿಗೆ 'ಅನ್ನು', ಸ್ಥಳಕ್ಕೆ 'ಅಲ್ಲಿ'. ಇಂಗ್ಲಿಷಿನಲ್ಲಿ ಇದು ತಲೆಕೆಳಗು: "ಐ ಸರ್ಚ್ಡ್ ದ ಬಾಕ್ಸ್ ಫಾರ್ ದ ಕೀ." ಹುಡುಕುವ ಸ್ಥಳಕ್ಕೆ ಪ್ರಿಪೊಸಿಷನ್ ಇಲ್ಲ, ಹುಡುಕುತ್ತಿರುವ ವಸ್ತುವಿಗೆ 'ಫಾರ್'. ಹಾಗಾಗಿ "ಸರ್ಚ್ಡ್ ದ ಬಾಯ್" ಎಂದಾಗ ಹುಡುಗನೇ ಪೆಟ್ಟಿಗೆಯಾದ.

ನಮ್ಮಲ್ಲಿ ಅನೇಕರ ಮನೆಮಾತು ಉರ್ದು, ಬ್ಯಾರಿ, ತುಳು, ಕೊಂಕಣಿ. ಆ ಭಾಷೆಗಳ ಪ್ರತ್ಯಯಗಳೂ ಇಂಗ್ಲಿಷಿಗೆ ನುಸುಳುತ್ತವೆ. ಉರ್ದುವಿನ "ಮೈನೇ ಉಸ್ ಸೇ ಪೂಛಾ" ನಮ್ಮ ಉತ್ತರಪತ್ರಿಕೆಯಲ್ಲಿ "ಐ ಆಸ್ಕ್ಡ್ ಫ್ರಮ್ ಹಿಮ್" ಆಗುತ್ತದೆ. ಇಂಗ್ಲಿಷಿನಲ್ಲಿ "ಐ ಆಸ್ಕ್ಡ್ ಹಿಮ್" ಅಷ್ಟೇ.

ಭಾಗ 1: ಪ್ರಿಪೊಸಿಷನ್ ಬೇಡದ ಕ್ರಿಯಾಪದಗಳು

ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನಿನ ಶಾಯಿ ಹೆಚ್ಚು ಖರ್ಚಾಗುವುದು ಇಲ್ಲಿ. ಕೆಳಗಿನ ಕ್ರಿಯಾಪದಗಳು ನೇರವಾಗಿ ಕರ್ಮವನ್ನು ಹಿಡಿದುಕೊಳ್ಳುತ್ತವೆ.

1. "ವಿ ಡಿಸ್ಕಸ್ಡ್ ಅಬೌಟ್ ದ ಟೂರ್" ತಪ್ಪು. "ವಿ ಡಿಸ್ಕಸ್ಡ್ ದ ಟೂರ್" ಸರಿ.
2. "ಐ ರೀಚ್ಡ್ ಟು ಕಾಲೇಜ್" ತಪ್ಪು. "ಐ ರೀಚ್ಡ್ ಕಾಲೇಜ್" ಸರಿ.
3. "ಹಿ ಮ್ಯಾರೀಡ್ ವಿತ್ ಎ ಟೀಚರ್" ತಪ್ಪು. "ಹಿ ಮ್ಯಾರೀಡ್ ಎ ಟೀಚರ್" ಸರಿ.
4. "ಶಿ ರಿಸೆಂಬಲ್ಸ್ ವಿತ್ ಹರ್ ಮದರ್" ತಪ್ಪು. "ಶಿ ರಿಸೆಂಬಲ್ಸ್ ಹರ್ ಮದರ್" ಸರಿ.
5. "ಐ ರಿಕ್ವೆಸ್ಟೆಡ್ ಫಾರ್ ಲೀವ್" ತಪ್ಪು. "ಐ ರಿಕ್ವೆಸ್ಟೆಡ್ ಲೀವ್" ಸರಿ.
6. "ವಿ ಆರ್ಡರ್ಡ್ ಫಾರ್ ಬಿರಿಯಾನಿ" ತಪ್ಪು. "ವಿ ಆರ್ಡರ್ಡ್ ಬಿರಿಯಾನಿ" ಸರಿ.
7. "ಹಿ ಎಂಫಸೈಸ್ಡ್ ಆನ್ ಹಾರ್ಡ್ ವರ್ಕ್" ತಪ್ಪು. "ಹಿ ಎಂಫಸೈಸ್ಡ್ ಹಾರ್ಡ್ ವರ್ಕ್" ಸರಿ.
8. "ದ ಲೆಸನ್ ಡಿಸ್ಕ್ರೈಬ್ಸ್ ಅಬೌಟ್ ಎ ಫಾರ್ಮರ್" ತಪ್ಪು. "ದ ಲೆಸನ್ ಡಿಸ್ಕ್ರೈಬ್ಸ್ ಎ ಫಾರ್ಮರ್" ಸರಿ.

ಈ ತಪ್ಪುಗಳು ಗಟ್ಟಿಯಾಗಿ ಬೇರೂರಲು ಮನೆಮಾತಿನ ಜೊತೆ ಇನ್ನೊಂದು ಕಾರಣವಿದೆ. ಇದೇ ಪದಗಳ ನಾಮಪದ ರೂಪಕ್ಕೆ ಪ್ರಿಪೊಸಿಷನ್ ಬೇಕು! "ಎ ಡಿಸ್ಕಷನ್ ಅಬೌಟ್ ದ ಟೂರ್", "ಎ ರಿಕ್ವೆಸ್ಟ್ ಫಾರ್ ಲೀವ್", "ಆನ್ ಆರ್ಡರ್ ಫಾರ್ ಬಿರಿಯಾನಿ", "ಎಂಫಸಿಸ್ ಆನ್ ಹಾರ್ಡ್ ವರ್ಕ್", "ರಿಸೆಂಬ್ಲೆನ್ಸ್ ಟು ಹರ್ ಮದರ್" ಇವೆಲ್ಲ ಸರಿ. ನಾಮಪದದ ಜೊತೆಗಾರನನ್ನು ನಾವು ಕ್ರಿಯಾಪದಕ್ಕೆ ಗಂಟು ಹಾಕುತ್ತೇವೆ. ಒಂದು ಸುಲಭ ಪರೀಕ್ಷೆ ಇದೆ. ಆ ಪದದ ಮುಂದೆ 'ಎ' ಅಥವಾ 'ದ' ಹಾಕಿ, ಅದನ್ನು ಒಂದು ಹೆಸರಾಗಿ ಬಳಸಿದ್ದೀರಾ ನೋಡಿ. ಹೆಸರಾದರೆ ಪ್ರಿಪೊಸಿಷನ್, ಕ್ರಿಯೆಯಾದರೆ ಬೇಡ. ಈ ಪಟ್ಟಿಯ ಪದಗಳ ಮಟ್ಟಿಗೆ ಈ ಪರೀಕ್ಷೆ ಸಾಕು.

ಭಾಗ 2: ಪ್ರಿಪೊಸಿಷನ್ ಬೇಕೇ ಬೇಕಾದವು

ಇದನ್ನು ಬೇಗ ಮುಗಿಸೋಣ. ಲಿಸನ್ ಟು, ಡಿಪೆಂಡ್ ಆನ್, ಬಿಲಾಂಗ್ ಟು, ಕನ್ಸಿಸ್ಟ್ ಆಫ್ ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿ. "ಲಿಸನ್ ಮಿ" ಎನ್ನಬೇಡಿ, "ಲಿಸನ್ ಟು ಮಿ" ಎನ್ನಿ. "ಎಕ್ಸ್‌ಪ್ಲೇನ್ ಮಿ ದಿಸ್ ಸಮ್" ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. "ಎಕ್ಸ್‌ಪ್ಲೇನ್ ದಿಸ್ ಸಮ್ ಟು ಮಿ" ಎಂದರೆ ಸರಿ.

ರೀಚ್ ಮತ್ತು ಅರೈವ್ ಎರಡಕ್ಕೂ ತಲುಪು ಎಂದೇ ಅರ್ಥ. ಆದರೆ ರೀಚ್‌ಗೆ ಪ್ರಿಪೊಸಿಷನ್ ಬೇಡ, ಅರೈವ್‌ಗೆ ಬೇಕು: "ವಿ ರೀಚ್ಡ್ ಬೆಂಗಳೂರು", "ವಿ ಅರೈವ್ಡ್ ಇನ್ ಬೆಂಗಳೂರು", "ವಿ ಅರೈವ್ಡ್ ಅಟ್ ದ ಸ್ಟೇಷನ್". ಅರ್ಥ ಒಂದೇ ಆದ ಮಾತ್ರಕ್ಕೆ ಜೊತೆಗಾರ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಭಾಗ 3: ಎರಡೂ ಸರಿ, ಅರ್ಥ ಬೇರೆ

ಪಾಠದ ತಿರುಳು ಇಲ್ಲಿದೆ. ಇಲ್ಲಿ ವ್ಯಾಕರಣದ ತಪ್ಪೇ ಕಾಣಿಸುವುದಿಲ್ಲ. ವಾಕ್ಯ ಸರಿಯಾಗಿಯೇ ಇರುತ್ತದೆ, ಆದರೆ ನೀವು ಹೇಳಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಹೇಳುತ್ತದೆ. ನನ್ನ ಪತ್ರದ ಗತಿಯೂ ಇದೇ.

ಅ) ಮುಟ್ಟಿತೋ, ಬರೀ ಗುರಿಯಿಟ್ಟದ್ದೋ?

"ಹಿ ಶಾಟ್ ದ ಟೈಗರ್" ಎಂದರೆ ಗುಂಡು ಹುಲಿಗೆ ತಗುಲಿತು. "ಹಿ ಶಾಟ್ ಅಟ್ ದ ಟೈಗರ್" ಎಂದರೆ ಹುಲಿಯತ್ತ ಗುಂಡು ಹಾರಿಸಿದ. ತಗುಲಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಹೊಳೆಯಲ್ಲಿ ಮುಳುಗುತ್ತಿರುವವನು "ಕಾಟ್ ದ ರೋಪ್" ಎಂದರೆ ಹಗ್ಗ ಕೈಗೆ ಸಿಕ್ಕಿತು. "ಕಾಟ್ ಅಟ್ ದ ರೋಪ್" ಎಂದರೆ ಹಗ್ಗದತ್ತ ಕೈಚಾಚಿದ, ಅಷ್ಟೇ. ಒಂದು 'ಅಟ್' ಇದ್ದರೆ ಅವನು ಬದುಕಿದನೋ ಇಲ್ಲವೋ ಎಂದು ಮುಂದಿನ ವಾಕ್ಯ ಓದಬೇಕು.

ಇಲ್ಲಿ ಒಂದು ಸೂತ್ರ ಸಿಗುತ್ತದೆ. ಪ್ರಿಪೊಸಿಷನ್ ಇಲ್ಲದಾಗ ಕ್ರಿಯೆ ನೇರವಾಗಿ ಹೋಗಿ ಕರ್ಮವನ್ನು ಮುಟ್ಟುತ್ತದೆ. ನಡುವೆ ಪ್ರಿಪೊಸಿಷನ್ ಬಂದಾಗ ಒಂದು ಅಂತರ ಉಳಿಯುತ್ತದೆ. ಎಲ್ಲ ಕಡೆ ಇದು ಸರಿಹೋಗುವುದಿಲ್ಲ, ಆದರೂ ಅನೇಕ ಕಡೆ ದಾರಿ ತೋರಿಸುತ್ತದೆ.

ಪ್ರಿಪೊಸಿಷನ್ ಬದಲಾದರೂ ಅರ್ಥ ಬದಲಾಗುತ್ತದೆ. "ಥ್ರೋ ದ ಬಾಲ್ ಟು ಹಿಮ್" ಎಂದರೆ ಅವನು ಹಿಡಿಯಲಿ ಎಂದು ಎಸೆಯುವುದು. "ಥ್ರೋ ದ ಬಾಲ್ ಅಟ್ ಹಿಮ್" ಎಂದರೆ ಅವನಿಗೆ ಬಡಿಯಲಿ ಎಂದು ಎಸೆಯುವುದು. "ಶೌಟೆಡ್ ಟು ಮಿ" ಎಂದರೆ ದೂರದಿಂದ ಕೂಗಿ ಕರೆದದ್ದು. "ಶೌಟೆಡ್ ಅಟ್ ಮಿ" ಎಂದರೆ ಗದರಿಸಿದ್ದು. ಸ್ನೇಹ, ಜಗಳಗಳ ನಡುವೆ ಎರಡಕ್ಷರದ ವ್ಯತ್ಯಾಸ!

ಆ) ಪರಿಚಯವೋ, ಬರೀ ಸುದ್ದಿಯೋ?

"ಐ ನೋ ಹಿಮ್" ಎಂದರೆ ಅವರ ಪರಿಚಯ ನನಗಿದೆ. "ಐ ನೋ ಆಫ್ ಹಿಮ್" ಎಂದರೆ ಅಂಥವರೊಬ್ಬರು ಇದ್ದಾರೆಂದು ಗೊತ್ತು, ಪರಿಚಯವಿಲ್ಲ. ಸಂದರ್ಶನದಲ್ಲಿ ದೊಡ್ಡವರೊಬ್ಬರ ಹೆಸರು ಬಂದಾಗ "ಐ ನೋ ಹಿಮ್" ಎಂದುಬಿಟ್ಟರೆ ಮುಂದಿನ ಪ್ರಶ್ನೆಗೆ ತಡವರಿಸಬೇಕಾದೀತು.

'ಹಿಯರ್' ಕೂಡ ಹೀಗೆಯೇ. "ಐ ಹರ್ಡ್ ಹಿಮ್": ಅವನ ದನಿ ಕಿವಿಗೆ ಬಿತ್ತು. "ಐ ಹರ್ಡ್ ಆಫ್ ಹಿಮ್": ಅವನ ಸುದ್ದಿ ಕೇಳಿದೆ. "ಐ ಹರ್ಡ್ ಫ್ರಮ್ ಹಿಮ್": ಅವನಿಂದ ಪತ್ರವೋ ಫೋನೋ ಬಂತು. ಮಗ ದುಬೈಯಲ್ಲಿರುವ ತಾಯಿಗೆ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಯಾವ ವ್ಯಾಕರಣ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

"ಐ ಬಿಲೀವ್ ಹಿಮ್" ಎಂದರೆ ಅವನು ಈಗ ಹೇಳಿದ ಮಾತು ನಿಜವೆಂದು ನಂಬುತ್ತೇನೆ. "ಐ ಬಿಲೀವ್ ಇನ್ ಹಿಮ್" ಎಂದರೆ ಅವನ ಮೇಲೆ, ಅವನ ಯೋಗ್ಯತೆಯ ಮೇಲೆ ನನಗೆ ಭರವಸೆಯಿದೆ. ಬಸ್ಸು ಕೆಟ್ಟುಹೋಯಿತು ಎಂದು ಮೂರನೇ ದಿನವೂ ತಡವಾಗಿ ಬಂದವನನ್ನು ನಾನು ಬಿಲೀವ್ ಮಾಡದಿರಬಹುದು, ಆದರೂ ಬಿಲೀವ್ ಇನ್ ಮಾಡುತ್ತೇನೆ. ಉಪನ್ಯಾಸಕರ ಕೆಲಸ ನಡೆಯುವುದೇ ಆ 'ಇನ್' ಮೇಲೆ.

ಇ) ಬಿಟ್ಟದ್ದೋ, ಹೊರಟದ್ದೋ?

"ಲೆಫ್ಟ್ ಮುಂಬೈ" ಎಂದರೆ ಮುಂಬೈ ಬಿಟ್ಟರು. "ಲೆಫ್ಟ್ ಫಾರ್ ಮುಂಬೈ" ಎಂದರೆ ಮುಂಬೈಗೆ ಹೊರಟರು. ಎರಡೂ ಊರುಗಳನ್ನು ಒಟ್ಟಿಗೆ ಹೇಳಬೇಕಾದರೆ "ಹಿ ಲೆಫ್ಟ್ ಮಂಗಳೂರು ಫಾರ್ ಮುಂಬೈ" ಎನ್ನಬೇಕು: ಮಂಗಳೂರು ಬಿಟ್ಟು ಮುಂಬೈಗೆ. ಇಲ್ಲಿ ಅರ್ಥ ಸ್ವಲ್ಪ ವಾಲುವುದಲ್ಲ, ಪೂರ್ತಿ ಎದುರು ದಿಕ್ಕಿಗೆ ತಿರುಗುತ್ತದೆ.

ಈ) ಕಾಲೇಜಿನಲ್ಲಿ ದಿನವೂ ಬೇಕಾಗುವ ಕೆಲವು

ಅಟೆಂಡ್: "ಐ ಅಟೆಂಡೆಡ್ ದ ಮೀಟಿಂಗ್" ಎಂದರೆ ಸಭೆಗೆ ಹಾಜರಾದೆ. "ಐ ಅಟೆಂಡೆಡ್ ಟು ದ ಕಂಪ್ಲೇಂಟ್" ಎಂದರೆ ದೂರಿನತ್ತ ಗಮನ ಕೊಟ್ಟು ಬೇಕಾದದ್ದನ್ನು ಮಾಡಿದೆ. ಕ್ಲಾಸಿಗೆ ಅಟೆಂಡ್ ಮಾಡಿದರೆ ಹಾಜರಾತಿ ಸಿಗುತ್ತದೆ. ಪಾಠಕ್ಕೆ ಅಟೆಂಡ್ ಟು ಮಾಡಿದರೆ ಮಾರ್ಕು ಸಿಗುತ್ತದೆ.

ಅಪ್ಲೈ: "ಐ ಅಪ್ಲೈಡ್ ಫಾರ್ ದ ಸ್ಕಾಲರ್‌ಶಿಪ್" ಎಂದರೆ ಅರ್ಜಿ ಹಾಕಿದೆ. "ಐ ಅಪ್ಲೈಡ್ ದ ಆಯಿಂಟ್‌ಮೆಂಟ್" ಎಂದರೆ ಮುಲಾಮು ಹಚ್ಚಿದೆ. 'ಫಾರ್' ಬಿಟ್ಟು "ಐ ಅಪ್ಲೈಡ್ ದ ಸ್ಕಾಲರ್‌ಶಿಪ್" ಎಂದು ಬರೆದರೆ ವಿದ್ಯಾರ್ಥಿವೇತನವನ್ನು ಮೈಗೆ ಹಚ್ಚಿಕೊಂಡಂತಾಗುತ್ತದೆ. ಸಂಸ್ಥೆಯನ್ನು ಹೇಳುವಾಗ 'ಟು': "ಐ ಅಪ್ಲೈಡ್ ಟು ದ ಯೂನಿವರ್ಸಿಟಿ ಫಾರ್ ಎ ಸೀಟ್."

ಆಸ್ಕ್: "ಹಿ ಆಸ್ಕ್ಡ್ ದ ಪ್ರಿನ್ಸಿಪಾಲ್": ಪ್ರಾಂಶುಪಾಲರನ್ನೇ ಕೇಳಿದ. "ಹಿ ಆಸ್ಕ್ಡ್ ಫಾರ್ ದ ಪ್ರಿನ್ಸಿಪಾಲ್": ಪ್ರಾಂಶುಪಾಲರನ್ನು ಕಾಣಬೇಕು ಎಂದ. "ಹಿ ಆಸ್ಕ್ಡ್ ಆಫ್ಟರ್ ದ ಪ್ರಿನ್ಸಿಪಾಲ್": ಪ್ರಾಂಶುಪಾಲರ ಕ್ಷೇಮಸಮಾಚಾರ ವಿಚಾರಿಸಿದ.

ಕಾಲ್: "ಕಾಲ್ಡ್ ದ ಡಾಕ್ಟರ್" ಎಂದರೆ ವೈದ್ಯರನ್ನು ಕರೆದದ್ದು ಅಥವಾ ಫೋನ್ ಮಾಡಿದ್ದು. "ಕಾಲ್ಡ್ ಆನ್ ದ ಡಾಕ್ಟರ್" ಎಂದರೆ ವೈದ್ಯರಲ್ಲಿಗೆ ಹೋಗಿ ಭೇಟಿಯಾದದ್ದು. "ದ ಶಿಪ್ ಕಾಲ್ಸ್ ಅಟ್ ಮಂಗಳೂರು" ಎಂದರೆ ಹಡಗು ಮಂಗಳೂರು ಬಂದರಿನಲ್ಲಿ ನಿಂತು ಮುಂದೆ ಹೋಗುತ್ತದೆ.

ಅಪ್ರೂವ್: "ಹಿ ಅಪ್ರೂವ್ಡ್ ದ ಪ್ಲಾನ್" ಎಂದರೆ ಅಧಿಕಾರದಿಂದ ಮಂಜೂರು ಮಾಡಿದರು. "ಹಿ ಅಪ್ರೂವ್ಡ್ ಆಫ್ ದ ಪ್ಲಾನ್" ಎಂದರೆ ಯೋಜನೆ ಅವರಿಗೆ ಒಪ್ಪಿಗೆಯಾಯಿತು. ಮೆಚ್ಚದೆಯೂ ಸಹಿ ಹಾಕುವವರಿದ್ದಾರೆ, ಮೆಚ್ಚಿಯೂ ಸಹಿ ಹಾಕುವ ಅಧಿಕಾರ ಇಲ್ಲದವರಿದ್ದಾರೆ.

ಆನ್ಸರ್: "ಆನ್ಸರ್ ದ ಕ್ವೆಶ್ಚನ್" ಎಂದರೆ ಪ್ರಶ್ನೆಗೆ ಉತ್ತರಿಸು. ಕನ್ನಡದಲ್ಲಿ 'ಗೆ' ಇದ್ದರೂ ಇಂಗ್ಲಿಷಿನಲ್ಲಿ 'ಟು' ಬೇಡ. "ಆನ್ಸರ್ ಫಾರ್ ದ ಮಿಸ್ಟೇಕ್" ಎಂದರೆ ತಪ್ಪಿನ ಹೊಣೆ ಹೊರು.

ಉ) ಇತಿಹಾಸದ ಪುಟದಿಂದ

ನಮ್ಮ ಜಿಲ್ಲೆಯ ಇತಿಹಾಸವನ್ನೇ ತೆಗೆದುಕೊಂಡರೆ ಎರಡು ಕ್ರಿಯಾಪದಗಳು ಒಟ್ಟಿಗೆ ನೆನಪಿನಲ್ಲಿ ಉಳಿಯುತ್ತವೆ.

1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡ ಮೇಲೆ ಟಿಪ್ಪು ಅಧಿಕಾರಕ್ಕೆ ಬಂದ. "ಟಿಪ್ಪು ಸಕ್ಸೀಡೆಡ್ ಹೈದರ್ ಅಲಿ": ಹೈದರನ ನಂತರ ಬಂದ. ಇಲ್ಲಿ ಪ್ರಿಪೊಸಿಷನ್ ಇಲ್ಲ. ಅದೇ ಮಾತನ್ನು ಸಿಂಹಾಸನವನ್ನು ಕುರಿತು ಹೇಳಿದರೆ 'ಟು' ಬೇಕು: "ಹಿ ಸಕ್ಸೀಡೆಡ್ ಟು ದ ಥ್ರೋನ್." ಮಂಗಳೂರು ಕೋಟೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪಡೆ ದೀರ್ಘ ಮುತ್ತಿಗೆಯ ನಂತರ 1784ರ ಜನವರಿಯಲ್ಲಿ ಶರಣಾಯಿತು. "ಟಿಪ್ಪು ಸಕ್ಸೀಡೆಡ್ ಇನ್ ಟೇಕಿಂಗ್ ದ ಫೋರ್ಟ್": ಕೋಟೆ ವಶಪಡಿಸಿಕೊಳ್ಳುವುದರಲ್ಲಿ ಯಶಸ್ವಿಯಾದ. ಒಂದೇ ಪದ, ಮೊದಲ ವಾಕ್ಯದಲ್ಲಿ ಉತ್ತರಾಧಿಕಾರ, ಕೊನೆಯದರಲ್ಲಿ ಯಶಸ್ಸು.

ಕೋಟೆಯೊಳಗೆ ಕಾಲಿಟ್ಟದ್ದನ್ನು "ಎಂಟರ್ಡ್ ದ ಫೋರ್ಟ್" ಎನ್ನಬೇಕು, 'ಇಂಟು' ಬೇಡ. ಆದರೆ 1784ರ ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದವನ್ನು ಹೇಳುವಾಗ "ಟಿಪ್ಪು ಅಂಡ್ ದ ಕಂಪನಿ ಎಂಟರ್ಡ್ ಇಂಟು ಎ ಟ್ರೀಟಿ" ಎನ್ನಬೇಕು. ಗೋಡೆ, ಬಾಗಿಲು ಇರುವ ಜಾಗಕ್ಕೆ ಎಂಟರ್. ಒಪ್ಪಂದ, ಮಾತುಕತೆಗಳಿಗೆ ಎಂಟರ್ ಇಂಟು.

ಕನ್ನಡವೂ ಹೀಗೆಯೇ!

"ಇದೆಂಥ ಭಾಷೆ ಸರ್, ಒಂದು ಪದ ಸೇರಿದರೆ ಅರ್ಥವೇ ಬದಲಾಗುವುದು?" ಎಂದು ಬೇಸರಿಸಬೇಡಿ. ನಾವು ದಿನವೂ ಅದನ್ನೇ ಮಾಡುತ್ತೇವೆ. "ಮಗುವನ್ನು ನೋಡು" ಎನ್ನುವುದಕ್ಕೂ "ಮಗುವನ್ನು ನೋಡಿಕೋ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಮೊದಲನೆಯದಕ್ಕೆ ಕಣ್ಣು ಸಾಕು, ಎರಡನೆಯದಕ್ಕೆ ಇಡೀ ದಿನ ಬೇಕು. ಇಂಗ್ಲಿಷಿನಲ್ಲಿ ಅದೇ "ಲುಕ್ ಅಟ್ ದ ಬೇಬಿ" ಮತ್ತು "ಲುಕ್ ಆಫ್ಟರ್ ದ ಬೇಬಿ". "ಹೇಳು" ಎಂಬ ಒಂದು ಪದದಿಂದ ಹೇಳಿಕೊಡು, ಹೇಳಿಕಳಿಸು, ಹೇಳಿಕೋ ಎಲ್ಲ ಹುಟ್ಟಿವೆ. ಲೆಕ್ಕ ಹೇಳುವುದು ಬೇರೆ, ಲೆಕ್ಕ ಹೇಳಿಕೊಡುವುದು ಬೇರೆ. ಹೊಸದಾಗಿ ಕನ್ನಡ ಕಲಿಯುವವರು "ನನಗೆ ಲೆಕ್ಕ ಹೇಳಿ" ಎಂದು ಟೀಚರನ್ನು ಕೇಳಿದರೆ ನಾವು ನಗುತ್ತೇವೆ. "ಎಕ್ಸ್‌ಪ್ಲೇನ್ ಮಿ" ಎಂದಾಗ ಇಂಗ್ಲಿಷಿನವರಿಗೆ ಆಗುವುದೂ ಅದೇ.

ಕನ್ನಡ ಈ ಕೆಲಸವನ್ನು ಕ್ರಿಯಾಪದದ ಬಾಲಕ್ಕೆ ಇನ್ನೊಂದು ಕ್ರಿಯಾಪದ ಸೇರಿಸಿ ಮಾಡುತ್ತದೆ, ಇಂಗ್ಲಿಷ್ ಪ್ರಿಪೊಸಿಷನ್ ಸೇರಿಸಿ ಮಾಡುತ್ತದೆ. 'ನೋಡಿಕೋ' ಎಂಬುದನ್ನು ನಾವು ನಿಯಮ ಓದಿ ಕಲಿಯಲಿಲ್ಲ. ಸಾವಿರ ಸಲ ಕೇಳಿ ಕಲಿತೆವು. ಇಂಗ್ಲಿಷನ್ನೂ ಹಾಗೆಯೇ ಕೇಳಬೇಕು, ಓದಬೇಕು. ಕೇಳುವ ಅವಕಾಶ ಕಡಿಮೆಯಿದ್ದರೆ ನಿಘಂಟು ಆ ಕೊರತೆ ತುಂಬುತ್ತದೆ.

ಹೇಗೆ ಕಲಿಯಬೇಕು?

ಮೊದಲನೆಯದು, ಒಳ್ಳೆಯ ಲರ್ನರ್ಸ್ ಡಿಕ್ಷನರಿ ಬಳಸಿ. ಎ. ಎಸ್. ಹಾರ್ನ್‌ಬಿ ಎಂಬವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ತೊಡಕುಗಳನ್ನು ಕಂಡು, ಪರಭಾಷಿಕರಿಗಾಗಿಯೇ ಒಂದು ನಿಘಂಟನ್ನು ಇಬ್ಬರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದರು. ಅದು 1942ರಲ್ಲಿ ಜಪಾನಿನಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಹೊರಬಂತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅದರದೇ ಮುಂದುವರಿಕೆ. ಕ್ರಿಯಾಪದ ಯಾವ ಮಾದರಿಯಲ್ಲಿ ಬರುತ್ತದೆ ಎಂದು ತೋರಿಸುವುದೇ ಅದರ ವಿಶೇಷ. ಪದದ ಅರ್ಥ ನೋಡಿ ಪುಸ್ತಕ ಮುಚ್ಚಬೇಡಿ. ಅರ್ಥದ ಪಕ್ಕದಲ್ಲಿ 'ಸಂಬಡಿ', 'ಸಂಥಿಂಗ್' ಎಂದು ಎಲ್ಲಿ ಬಂದಿದೆ, ಅದರ ಹಿಂದೆ 'ಫಾರ್', 'ಟು' ಏನಾದರೂ ಇದೆಯೇ ನೋಡಿ. ಉದಾಹರಣೆ ವಾಕ್ಯವನ್ನೂ ಓದಿ.

ಎರಡನೆಯದು, ನೋಟ್‌ಬುಕ್ಕಿನಲ್ಲಿ ಪದವನ್ನು ಒಂಟಿಯಾಗಿ ಬರೆಯಬೇಡಿ. 'ಸರ್ಚ್ = ಹುಡುಕು' ಎಂದು ಬರೆದದ್ದೇ ನಾನು ಮಾಡಿದ ತಪ್ಪು. 'ಸರ್ಚ್ ಎ ಪ್ಲೇಸ್ ಫಾರ್ ಎ ಥಿಂಗ್' ಎಂದು ಬರೆಯಿರಿ. 'ರೀಚ್ ಎ ಪ್ಲೇಸ್' ಎಂದು ಬರೆದು ಪಕ್ಕದಲ್ಲಿ 'ಟು ಇಲ್ಲ' ಎಂದು ಕೆಂಪಿನಲ್ಲಿ ಗುರುತಿಸಿ. ಜೊತೆಗಾರ ಇಲ್ಲ ಎಂಬುದೂ ಕಲಿಯಬೇಕಾದ ಸಂಗತಿಯೇ.

ಮೂರನೆಯದು, ಬರೆದಾದ ಮೇಲೆ ಬೇರೆಯವರ ಕಣ್ಣಿನಿಂದ ಓದಿ. ಸಂಗತಿ ಗೊತ್ತಿಲ್ಲದ ಒಬ್ಬರು ಈ ಕಾಗದವನ್ನು ಮಾತ್ರ ಓದಿದರೆ ಏನೆಂದುಕೊಳ್ಳುತ್ತಾರೆ? ನನ್ನ ಪತ್ರವನ್ನು ಹಾಗೆ ಒಮ್ಮೆ ಓದಿದ್ದರೆ ಸಾಕಿತ್ತು.

ಅಭ್ಯಾಸ

ಖಾಲಿ ಜಾಗದಲ್ಲಿ ಸರಿಯಾದ ಪ್ರಿಪೊಸಿಷನ್ ತುಂಬಿರಿ. ಬೇಡವಾದರೆ ಅಡ್ಡಗೆರೆ ಎಳೆಯಿರಿ.

1. ದ ನರ್ಸ್ ಈಸ್ ಅಟೆಂಡಿಂಗ್ ____ ಎ ಪೇಷಂಟ್.
2. ವಿ ರೀಚ್ಡ್ ____ ಉಡುಪಿ ಅಟ್ ನೈನ್.
3. ದ ಪೊಲೀಸ್ ಸರ್ಚ್ಡ್ ____ ಹಿಸ್ ಬ್ಯಾಗ್ ಅಂಡ್ ಫೌಂಡ್ ನಥಿಂಗ್.
4. ಶಿ ಹ್ಯಾಸ್ ಅಪ್ಲೈಡ್ ____ ಎ ಜಾಬ್.
5. ದ ಟೀಚರ್ ಎಂಫಸೈಸ್ಡ್ ____ ಸ್ಪೆಲಿಂಗ್.
6. ಐ ಹ್ಯಾವ್ ನಾಟ್ ಹರ್ಡ್ ____ ಮೈ ಬ್ರದರ್ ಸಿನ್ಸ್ ಹಿಸ್ ಲಾಸ್ಟ್ ಲೆಟರ್.
7. ಹಿ ಲೆಫ್ಟ್ ____ ದುಬೈ ಲಾಸ್ಟ್ ನೈಟ್ ಅಂಡ್ ಈಸ್ ಅಟ್ ಹೋಮ್ ವಿತ್ ಅಸ್ ನೌ.
8. ಹಿ ಲೆಫ್ಟ್ ____ ದುಬೈ ಲಾಸ್ಟ್ ನೈಟ್ ಅಂಡ್ ವಿಲ್ ಫೋನ್ ಅಸ್ ಫ್ರಮ್ ದೇರ್.
9. ಪ್ಲೀಸ್ ಎಕ್ಸ್‌ಪ್ಲೇನ್ ದಿಸ್ ಪೋಯೆಮ್ ____ ಮಿ.
10. ಐ ನೋ ____ ಹಿಮ್, ಬಟ್ ಐ ಹ್ಯಾವ್ ನೆವರ್ ಮೆಟ್ ಹಿಮ್.

ಉತ್ತರಗಳು: 1. ಟು. 2. ಬೇಡ. 3. ಬೇಡ, ಚೀಲ ಹುಡುಕುವ ಸ್ಥಳ, ಕಳೆದ ವಸ್ತುವಲ್ಲ. 4. ಫಾರ್. 5. ಬೇಡ. 6. ಫ್ರಮ್. 7. ಬೇಡ, ದುಬೈ ಬಿಟ್ಟು ಬಂದಿದ್ದಾನೆ. 8. ಫಾರ್, ದುಬೈಗೆ ಹೋಗಿದ್ದಾನೆ. 9. ಟು. 10. ಆಫ್.

ಎಂಟಕ್ಕಿಂತ ಕಡಿಮೆ ಬಂದರೆ ಮೂರನೇ ಭಾಗವನ್ನು ಇನ್ನೊಮ್ಮೆ ಓದಿ. ಏಳು ಮತ್ತು ಎಂಟು ಎರಡೂ ಸರಿಯಾಗಿದ್ದರೆ, ಆ ರಾತ್ರಿಯ ಪತ್ರವನ್ನು ನೀವು ನನಗಿಂತ ಚೆನ್ನಾಗಿ ಬರೆಯುತ್ತಿದ್ದಿರಿ.

ಆ ಹುಡುಗ ಏನಾದ ಎಂದು ಕೇಳುತ್ತೀರಿ. ಗುರುವಾರ ವಿವರ ಎಲ್ಲ ಕಡೆ ಹೋಯಿತು. ಶುಕ್ರವಾರ ಅದೇ ನಗರದ ಇನ್ನೊಂದು ಆಶ್ರಯಧಾಮದಲ್ಲಿ ಅವನು ಸಿಕ್ಕಿದ. ಮರುವರ್ಷ ಪರೀಕ್ಷೆ ಕಟ್ಟಿ ಪಾಸಾದ, ಈಗ ಅವನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅವನು ಮನೆಗೆ ಬಂದ ದಿನ ಅವನ ತಾಯಿ ನಮ್ಮ ಮನೆಗೆ ಒಂದು ಬಟ್ಟಲು ಶಿರಾ ಕಳಿಸಿದರು. ಪತ್ರ ಬರೆದುಕೊಟ್ಟದ್ದಕ್ಕೆ. ಆ ಪತ್ರದಲ್ಲಿ ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ. ಅದಾದ ಮೇಲೆ ಇಷ್ಟು ವರ್ಷ ಪ್ರಿಪೊಸಿಷನ್ ಪಾಠವನ್ನು ನಾನು ಅವಸರದಲ್ಲಿ ಮುಗಿಸಿದ್ದಿಲ್ಲ. ಆ ತಪ್ಪಿಗೆ 'ಆನ್ಸರ್ ಫಾರ್' ಮಾಡಲು ನನಗೆ ಗೊತ್ತಿರುವ ದಾರಿ ಇದೊಂದೇ.